ಕಾವಲುಗಾರನನ್ನು ಕೆಡಹಿದ ಓಲೆ

ಕೋಟೆಗೆ ಒಂದೇ ಹೆಬ್ಬಾಗಿಲಿದ್ದರೆ, ಅಲ್ಲಿಯ ಕಾವಲುಗಾರನ ಆರೋಗ್ಯವೇ ಊರಿನ ಆರೋಗ್ಯ. ಇಂದು ಕಛೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ ಈ ಕಾವಲನ್ನು ನಡೆಸುವುದು ಫೈರ್‌ವಾಲ್ ಎಂಬ ಯಂತ್ರ. ‘ಅಗ್ನಿಗೋಡೆ’ ಎಂದು ಅದನ್ನು ಕನ್ನಡಿಸುವವರುಂಟು. ಗೋಡೆಗೇ ಬೆಂಕಿ ಹತ್ತಿದಂತೆ ಕೇಳಿಸುವುದರಿಂದ ನಾನು ಮೂಲದ ಮಾತನ್ನೇ ಉಳಿಸಿಕೊಳ್ಳುತ್ತೇನೆ. ಹೊರಗಿನ ಜಾಲದಿಂದ ಮಾಹಿತಿಯು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಬರುತ್ತದೆ. ಪ್ರತಿಯೊಂದರ ಮೇಲಿನ ವಿಳಾಸವನ್ನು ಪರೀಕ್ಷಿಸಿ, ಬಿಡತಕ್ಕದ್ದನ್ನು ಒಳಗೆ ಬಿಟ್ಟು, ಉಳಿದುದನ್ನು ತಡೆಯುವುದು ಅದರ ಕೆಲಸ.

ಈ ಕಾವಲುಗಾರನೇ ಆಗಾಗ ಮೂರ್ಛೆ ಹೋದರೆ ಕಾರಣವನ್ನು ಎಲ್ಲಿ ಹುಡುಕಬೇಕು? ಕೇಳುಗರ ಗಮನವನ್ನು ನಾನು ಒಂದು ಸಣ್ಣ ವಸ್ತುವಿನ ಕಡೆಗೆ ಸೆಳೆಯಬಯಸುತ್ತೇನೆ. ಅದು ನೆಟ್‌ವರ್ಕ್ ಕಾರ್ಡ್. ಕಾವಲುಗಾರನು ಪೊಟ್ಟಣವನ್ನು ನೋಡುವುದಕ್ಕೆ ಮೊದಲೇ ಅದನ್ನು ಕೈಗೆತ್ತಿಕೊಳ್ಳುವುದು ಈ ಕಾರ್ಡ್. ತಂತಿಯಲ್ಲಿ ಬಂದ ಸಂಜ್ಞೆಗಳನ್ನು ಬೈಟುಗಳನ್ನಾಗಿಸಿ, ಪ್ರೊಸೆಸರನ್ನು ಕೇಳದೆಯೇ ಕಂಪ್ಯೂಟರಿನ ಸ್ಮೃತಿಕೋಶದಲ್ಲಿ ಬರೆದುಬಿಡುವ ಅಧಿಕಾರ ಅದಕ್ಕುಂಟು. ಅದನ್ನು ನಡೆಸುವ ಡ್ರೈವರ್ ಎಂಬ ಕ್ರಮವಿಧಿ ಸಾಮಾನ್ಯವಾಗಿ ಕೆಲಸ ಮಾಡುವುದು ಕಾರ್ಯವ್ಯವಸ್ಥೆಯ ಗರ್ಭಗುಡಿಯಲ್ಲಿ. ಅಂಗಳದಲ್ಲಿ ಜಾರಿದವನು ತಾನೊಬ್ಬನೇ ಬೀಳುತ್ತಾನೆ. ಗರ್ಭಗುಡಿಯಲ್ಲಿ ಜಾರಿದವನು ದೀಪವನ್ನೂ ಉರುಳಿಸುತ್ತಾನೆ. ಅಂಗೈಯಗಲದ ಕಾರ್ಡೊಂದು ಇಡೀ ಯಂತ್ರವನ್ನು ಮಲಗಿಸುವುದು ಹೀಗೆ.

ಪತ್ತೆ ಹಚ್ಚುವುದಕ್ಕೆ ಮೊದಲ ತೊಡಕೆಂದರೆ, ಬಿದ್ದ ಯಂತ್ರವು ತಾನೇಕೆ ಬಿದ್ದೆನೆಂದು ಬರೆದಿಡುವಷ್ಟು ಹೊತ್ತು ಬದುಕಿರುವುದಿಲ್ಲ. ಆದ್ದರಿಂದ ಸೀರಿಯಲ್ ತಂತಿಯೊಂದನ್ನು ಪಕ್ಕದ ಕಂಪ್ಯೂಟರಿಗೆ ಜೋಡಿಸಿ, ಕೊನೆಯ ಮಾತುಗಳನ್ನು ಅಲ್ಲಿ ದಾಖಲಾಗುವಂತೆ ಮಾಡುತ್ತಾರೆ. ಅನಂತರ ತಂತಿ, ಕಾರ್ಡ್, ಡ್ರೈವರ್, ಹೀಗೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡುತ್ತಾರೆ. ಎರಡನ್ನು ಒಟ್ಟಿಗೆ ಬದಲಾಯಿಸಿದವನಿಗೆ ಯಂತ್ರ ಸರಿಹೋದರೂ ಕಾರಣ ತಿಳಿಯದು.

ಸಂಶಯ ತಪ್ಪು ಮನೆಯ ಬಾಗಿಲು ತಟ್ಟುವುದೂ ಉಂಟು. 2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳನ್ನು ಹಾಕಿಕೊಂಡ ಕೆಲವು ಯಂತ್ರಗಳಲ್ಲಿ ಇಂಟೆಲ್ ಕಾರ್ಡುಗಳ ಸ್ವಂತ ಸ್ಥಿರಸ್ಮೃತಿಯೇ ಕೆಟ್ಟು, ಅವು ನಿರುಪಯೋಗಿಯಾದುವು. ಎಲ್ಲರೂ ಡ್ರೈವರಿನತ್ತ ಬೊಟ್ಟುಮಾಡಿದರು. ಕೊನೆಗೆ ಸಿಕ್ಕಿಬಿದ್ದುದು ಎಫ್‌ಟ್ರೇಸ್ ಎಂಬ, ಕಾರ್ಡಿಗೆ ಯಾವ ನಂಟೂ ಇಲ್ಲದ, ಜಾಡು ಹಿಡಿಯುವ ಸಾಧನ. ಖಾಲಿಯಾದ ಮನೆಯ ಹಳೆಯ ವಿಳಾಸಕ್ಕೆ ಅದು ಇನ್ನೂ ಬರೆಯುತ್ತಿತ್ತು. ಆ ವಿಳಾಸದಲ್ಲಿ ಆಗ ಕಾರ್ಡಿನ ಸ್ಮೃತಿ ಬಂದು ನೆಲೆಸಿತ್ತು.

ಇದಕ್ಕಿಂತ ವಿಚಿತ್ರವಾದುದು 2013ರ ಪ್ರಸಂಗ. ಅಮೆರಿಕದ ಒಬ್ಬ ಇಂಜಿನಿಯರ್ ಜಾಲದ ಮೂಲಕ ದೂರವಾಣಿ ಸೇವೆ ನಡೆಸುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಅವುಗಳಲ್ಲಿದ್ದುದು ಇಂಟೆಲ್‌ನ 82574ಎಲ್ ಎಂಬ ಜಾಲದ ಚಿಪ್. ಸಣ್ಣ ಫೈರ್‌ವಾಲ್‌ಗಳಲ್ಲಿಯೂ ಬಳಕೆಯಲ್ಲಿದ್ದ ಚಿಪ್ ಅದು. ಯಾವಾಗಲೋ ಒಮ್ಮೆ ಅದು ಸ್ತಬ್ಧವಾಗುತ್ತಿತ್ತು. ಕಾರ್ಯವ್ಯವಸ್ಥೆಯನ್ನು ಮರಳಿ ಆರಂಭಿಸಿದರೂ ಏಳುತ್ತಿರಲಿಲ್ಲ. ವಿದ್ಯುತ್ತನ್ನೇ ಕಡಿದು ಮತ್ತೆ ಕೊಟ್ಟರೆ ಮಾತ್ರ ಜೀವ ಬರುತ್ತಿತ್ತು. ಇಂಥಲ್ಲಿ ‘ಆಫ್ ಮಾಡಿ ಆನ್ ಮಾಡಿ’ ಎಂದು ಗಿರಾಕಿಗೆ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆತ ಹಾಗೆ ಮಾಡಲಿಲ್ಲವೆಂಬುದೇ ನನಗೆ ಮೆಚ್ಚುಗೆಯಾದ ಸಂಗತಿ. ಜಾಲದ ಸಂಚಾರವನ್ನು ಸೆರೆಹಿಡಿದು, ಪ್ರಯೋಗಶಾಲೆಯಲ್ಲಿ ಅದನ್ನೇ ಮತ್ತೆ ಮತ್ತೆ ಹಾಯಿಸಿ, ಸೋಸುತ್ತ ಸೋಸುತ್ತ ಒಂದೇ ಒಂದು ಪೊಟ್ಟಣಕ್ಕೆ ಬಂದು ನಿಂತ. ಅನಂತರ ಆ ಪೊಟ್ಟಣದೊಳಗಿನ ಬೈಟುಗಳನ್ನು ತಿದ್ದಿ ನೋಡಿದ.

ಸೊನ್ನೆಯಿಂದ ಎಣಿಸಿದರೆ 1151ನೆಯ ಬೈಟು ಅಪರಾಧಿಯಾಗಿತ್ತು. ಆ ಸ್ಥಾನದಲ್ಲಿ 0 ಅಥವಾ 1 ಎಂಬ ಅಂಕಿಯ ಸಂಕೇತವಿದ್ದರೆ ಬಾಧೆಯಿಲ್ಲ. 2 ಅಥವಾ 3 ಇದ್ದರೆ ಕಾರ್ಡು ಕುಸಿಯುತ್ತಿತ್ತು. 4 ಇದ್ದರಂತೂ ಸೋಜಿಗ: ದೇವಿ ಹಾಕಿಸಿಕೊಂಡ ಮಗುವಿನಂತೆ ಕಾರ್ಡಿಗೆ ರಕ್ಷಣೆ ದೊರೆತು, ವಿದ್ಯುತ್ತನ್ನು ಕಡಿಯುವವರೆಗೆ ಕೆಟ್ಟ ಪೊಟ್ಟಣವೂ ಅದನ್ನೇನೂ ಮಾಡಲಾರದು! ಆ ಬೈಟು ಇದ್ದುದು ವಿಳಾಸದಲ್ಲಲ್ಲ, ಒಳಗಿನ ಒಕ್ಕಣೆಯಲ್ಲಿ. ಒಕ್ಕಣೆಯನ್ನು ಓದುವುದು ಕಾರ್ಡಿನ ಕೆಲಸವೇ ಅಲ್ಲ; ಅಂಚೆಯವನು ಲಕೋಟೆಯೊಳಗಿನ ಒಂದು ಅಕ್ಷರಕ್ಕೆ ಮೂರ್ಛೆ ಹೋದಂತಾಯಿತು.

ಭಯಪಡಬೇಕಾದ ಸಂಗತಿಯೂ ಇಲ್ಲಿಯೇ ಇದೆ. ಇಂಥ ಪೊಟ್ಟಣವನ್ನು ಸಾಧಾರಣ ಜಾಲಪುಟವೊಂದರ ಉತ್ತರದ ರೂಪದಲ್ಲಿಯೇ ಕಳುಹಿಸಬಹುದೆಂದು ಆತ ತೋರಿಸಿಕೊಟ್ಟ. ನಾವೇ ಕೇಳಿ ತರಿಸಿಕೊಂಡ ಉತ್ತರವನ್ನು ಫೈರ್‌ವಾಲ್ ತಡೆಯುವುದಿಲ್ಲ. ಅದು ಬಾಗಿಲು ದಾಟಿ ಒಳಮನೆಯ ಯಂತ್ರಗಳನ್ನು ಮಲಗಿಸಬಹುದು. ಬಾಗಿಲಲ್ಲೇ ಅಂಥ ಚಿಪ್ ಇದ್ದರೆ ಕಾವಲುಗಾರನನ್ನೇ ಕೆಡಹಬಹುದು.

ಇಂಟೆಲ್ ಸಂಸ್ಥೆ ಪರಿಶೀಲಿಸಿ, ದೋಷವು ಚಿಪ್ಪಿನದಲ್ಲ, ಒಬ್ಬ ಮದರ್‌ಬೋರ್ಡ್ ತಯಾರಕರು ಕಾರ್ಖಾನೆಯಲ್ಲಿ ಅದರ ಸ್ಥಿರಸ್ಮೃತಿಗೆ ತಪ್ಪು ದತ್ತಾಂಶವನ್ನು ತುಂಬಿದ್ದರಿಂದ ಬಂದುದೆಂದು ಹೇಳಿತು. ಚಿಪ್ ಒಂದೇ ಆದರೂ ಒಂದು ಯಂತ್ರ ಬಿದ್ದು ಇನ್ನೊಂದು ಬೀಳದಿರಲು ಇದೇ ಕಾರಣ. ಇಂಜಿನಿಯರನು ಆ ಪೊಟ್ಟಣದ ಪ್ರತಿಗಳನ್ನು ಎಲ್ಲರಿಗೂ ದೊರೆಯುವಂತೆ ಪ್ರಕಟಿಸಿದ. ತಮ್ಮ ಯಂತ್ರದ ಬಗ್ಗೆ ಸಂಶಯವುಳ್ಳವರು ಅದನ್ನು ಹಾಯಿಸಿ ಪರೀಕ್ಷಿಸಬಹುದು. ಆದರೆ ಕಛೇರಿಯವರೆಲ್ಲ ಮನೆಗೆ ಹೋದ ಮೇಲೆ.