ಆನೆ ತುಳಿದ ಗದ್ದೆಯೂ ಕಾನೂನಿನ ಪ್ರಬಂಧವೇ!

ಸಕಲೇಶಪುರ: ನವೆಂಬರ್ ಬಂತೆಂದರೆ ಹೈಸ್ಕೂಲುಗಳ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟುವುದುಂಟು. ಕಾನೂನು ವಿಷಯದ ಪ್ರಬಂಧ ಸ್ಪರ್ಧೆ! 9ನೇ ತಾರೀಖು ಕಾನೂನು ಸೇವೆಗಳ ದಿನ, 14 ಮಕ್ಕಳ ದಿನ, 26 ಸಂವಿಧಾನ ದಿನ. ಒಂದಲ್ಲ ಒಂದು ನೆಪ.

ಹುಡುಗರು ಮಾಡುವುದೇನು? ಗೈಡ್ ತೆಗೆಯುತ್ತಾರೆ. ‘ಭಾರತವು ಪ್ರಜಾಪ್ರಭುತ್ವ ರಾಷ್ಟ್ರವಾಗಿದೆ’ ಎಂದು ಶುರು, ‘ಕಾನೂನನ್ನು ಪಾಲಿಸೋಣ’ ಎಂದು ಮುಕ್ತಾಯ. ನಡುವೆ ಏನಿದೆಯೆಂದು ಬರೆದವನಿಗೂ ಗೊತ್ತಿಲ್ಲ, ಓದುವ ಮೇಷ್ಟ್ರಿಗೂ ಬೇಕಾಗಿಲ್ಲ. ನೂರು ಪ್ರಬಂಧಕ್ಕೆ ಒಂದೇ ಮುಖ!

ಪಾಪ, ಮನೆ ಬಾಗಿಲಲ್ಲೇ ಕಾನೂನು ಘೀಳಿಡುತ್ತಿದೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಆಲೂರಿನ ಕೆಂಚಮ್ಮನ ಹೊಸಕೋಟೆಯಲ್ಲೋ ಸಕಲೇಶಪುರದ ಯಸಳೂರಿನಲ್ಲೋ ಆನೆಯ ಸುದ್ದಿ ಕೇಳದ ಮಗು ಎಲ್ಲಿದೆ? ರಾತ್ರಿ ಬಂದು ಭತ್ತ ತುಳಿದು, ಕಾಫಿ ಗಿಡ ಮುರಿದು, ಬೈನೆ ಮರ ಸೀಳಿ ಹೋಗುತ್ತದೆ. ಆದರೂ ಮುಟ್ಟುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ ಅದು. ಹಿಡಿಯಬೇಕಾದರೂ ಮೇಲಿನವರ ಅಪ್ಪಣೆ ಬೇಕು. ಹೈಕೋರ್ಟು ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ ಇದೇ ಆಲೂರು-ಸಕಲೇಶಪುರ ಭಾಗದಿಂದ 22 ಆನೆ ಹಿಡಿದು ಸಾಗಿಸಿದ್ದಾಯಿತು. ಕಾಟ ನಿಂತಿತೇ? 2023ರ ಡಿಸೆಂಬರಿನಲ್ಲಿ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಬಂದ ದಸರಾ ಆನೆ ಅರ್ಜುನನೇ ಪ್ರಾಣ ಬಿಟ್ಟ.

ಸಂವಿಧಾನದ 21ನೇ ವಿಧಿ ಮನುಷ್ಯನ ಜೀವಕ್ಕೆ ರಕ್ಷಣೆ ಕೊಡುತ್ತದೆ. 1976ರ ತಿದ್ದುಪಡಿಯಲ್ಲಿ ಸೇರಿದ 51ಎ ವಿಧಿ, ಕಾಡು ಕಾಯುವುದು, ಪ್ರಾಣಿಗಳಿಗೆ ದಯೆ ತೋರುವುದು ಪ್ರಜೆಯ ಕರ್ತವ್ಯ ಎನ್ನುತ್ತದೆ. ಇವೆರಡೂ ಒಂದೇ ಗದ್ದೆಯಲ್ಲಿ ಎದುರುಬದುರಾದರೆ ಗತಿ ಏನು? ತುಳಿದ ಪೈರಿಗೆ ಪರಿಹಾರ ಯಾರು, ಎಷ್ಟು ಕೊಡಬೇಕು? ತೋಟದ ಲೈನಿನಿಂದ ಬರುವ ಕೂಲಿಯವನ ಮಗಳು ಬರೆಯಲಿ ಇದನ್ನು. ಬೆಂಗಳೂರಿನ ಕಾನ್ವೆಂಟ್ ಹುಡುಗನ ಕೈಲಾಗದ ಪ್ರಬಂಧ ಅದು.

ಬರೆಯಲು ಕೂತವಳಿಗೆ ಇನ್ನೊಂದೂ ತಿಳಿದೀತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮಿನ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡಬೇಕು. ಆದಾಯ ಎಷ್ಟೆಂದು ಕೇಳುವ ಹಾಗಿಲ್ಲ. ‘ಲಾಯರ್ ಫೀಸು ಎಲ್ಲಿಂದ ತರೋದು ಮಗಾ’ ಅಂತ ಸುಮ್ಮನಾಗುವ ಅವ್ವನಿಗೆ ಈ ಒಂದು ಕಲಮು ಓದಿ ಹೇಳಿದರೆ, ಬಹುಮಾನ ಬಾರದಿದ್ದರೂ ಚಿಂತೆಯಿಲ್ಲ.

ತಕರಾರು ಒಂದೇ. ಸ್ಪರ್ಧೆಯನ್ನು ಪೇಟೆಯಲ್ಲಿಟ್ಟು, ಭಾಷಣ ಸೇರಿಸಿ ಸಂಜೆವರೆಗೆ ಎಳೆದರೆ ಹೆತ್ತೂರು, ಹಾನುಬಾಳು ಕಡೆಯ ಮಕ್ಕಳು ಬಸ್ಸಿಳಿದು ಕತ್ತಲಲ್ಲಿ ತೋಟದ ದಾರಿ ನಡೆಯಬೇಕು. ಆ ದಾರಿಯಲ್ಲಿ ಯಾರು ನಿಂತಿರುತ್ತಾರೆ ಅಂತ ಬಿಡಿಸಿ ಹೇಳಬೇಕೇ? ಬೆಳಿಗ್ಗೆ ಹತ್ತಕ್ಕೇ ಶುರು ಮಾಡಿ, ಊಟ ಹಾಕಿ, ಮೂರು ಗಂಟೆಯೊಳಗೆ ಬಸ್ ಹತ್ತಿಸಿ ಸ್ವಾಮಿ!