ಹಾಡು ಬೇಡ, ಒಂದು ಪೆಟ್ಟು ಸಾಕು

ಎಂಪಿ3 ಹಾಡನ್ನು ಟ್ರ್ಯಾಕರ್ ಎಂಬ ಸಂಗೀತ ತಂತ್ರಾಂಶಕ್ಕೆ ಒಗ್ಗುವ ‘ಮಾಡ್’ ಫೈಲ್ ಮಾಡುವುದು ಹೇಗೆ? ಹಳೆಯ ಕಂಪ್ಯೂಟರ್‌ಗಳ ಚಿಪ್ ಸಂಗೀತಕ್ಕೆ ಮನಸೋತವರೆಲ್ಲ ಕೇಳುವ ಪ್ರಶ್ನೆ ಇದು. ಗುಂಡಿ ಒತ್ತಿದ ತಕ್ಷಣ ಆಗಿಬಿಡುವ ಕೆಲಸವಲ್ಲ. ಎಂಪಿ3ಯಲ್ಲಿರುವುದು ಹಾಡಿ ಮುಗಿಸಿದ ಹಾಡಿನ ಧ್ವನಿಮುದ್ರಣ. ಮಾಡ್ ಫೈಲಿನಲ್ಲಿರುವುದು ವಾದ್ಯಗಳ ಚಿಕ್ಕಚಿಕ್ಕ ಧ್ವನಿ ತುಣುಕುಗಳು, ಜೊತೆಗೆ ಯಾವ ತುಣುಕನ್ನು ಯಾವಾಗ, ಯಾವ ಸ್ವರಕ್ಕೆ ನುಡಿಸಬೇಕೆಂಬ ಬರಹ. ಈ ಏರ್ಪಾಟನ್ನು ಹುಟ್ಟಿಸಿದ್ದು ಜಾಗದ ಅಭಾವ.

1985ರಲ್ಲಿ ಕಮೊಡೋರ್ ಕಂಪನಿ ಅಮಿಗಾ ಕಂಪ್ಯೂಟರನ್ನು ಹೊರತಂದಿತು. ಅದಕ್ಕೂ ಮುಂಚಿನ ಕಮೊಡೋರ್ 64ರ ಸಿಡ್ ಚಿಪ್ ಧ್ವನಿಯನ್ನು ತಾನೇ ಹುಟ್ಟಿಸುತ್ತಿತ್ತು. ಅಮಿಗಾದ ಪೌಲಾ ಚಿಪ್ ಮುದ್ರಿಸಿಕೊಂಡ ಧ್ವನಿಯನ್ನೇ ನುಡಿಸಿತು, ಅದೂ 8 ಬಿಟ್‌ನಲ್ಲಿ, ಏಕಕಾಲಕ್ಕೆ ನಾಲ್ಕು. ಆದರೆ ಅಮಿಗಾ ಫ್ಲಾಪಿಯಲ್ಲಿ ಹಿಡಿಸುತ್ತಿದ್ದುದು 880 ಕಿಲೋಬೈಟ್. ಸಿ.ಡಿ. ಗುಣಮಟ್ಟದ ಸ್ಟೀರಿಯೊ ತುಂಬಿದರೆ ಐದು ಸೆಕೆಂಡಿಗೇ ಭರ್ತಿ.

1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ರೂಪಿಸಿದ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಇದಕ್ಕೆ ದಾರಿ ತೋರಿತು. ಪರದೆಯ ಮೇಲೆ ಪಕ್ಕಪಕ್ಕ ನಾಲ್ಕು ಪಟ್ಟಿ, ಒಂದೊಂದರಲ್ಲೂ 64 ಸಾಲು. ಸ್ವರಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ತುಣುಕನ್ನು ವೇಗವಾಗಿ ಓಡಿಸಿದರೆ ಶ್ರುತಿ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಹಾಗಾಗಿ ಕೊಳಲಿನ ಒಂದೇ ಸ್ವರ ಮುದ್ರಿಸಿಕೊಂಡರೆ ಇಡೀ ರಾಗ ಕಟ್ಟಬಹುದು. ಒಬಾರ್ಸ್ಕಿ ಕೊಟ್ಟದ್ದು 15 ವಾದ್ಯ. ಮುಂದೆ ನಾಯ್ಸ್‌ಟ್ರ್ಯಾಕರ್, ಪ್ರೊಟ್ರ್ಯಾಕರ್‌ಗಳಲ್ಲಿ ಅದು 31 ಆಯಿತು. ಕೆಲವರು ಹತ್ತಾರು ಬೈಟ್‌ಗಳ ಅಲೆಯನ್ನು ಮತ್ತೆ ಮತ್ತೆ ಸುತ್ತಿಸಿ ಸಿಡ್ ಚಿಪ್ಪಿನ ದನಿಯನ್ನೇ ಅಮಿಗಾದಲ್ಲಿ ಹೊರಡಿಸಿದರು. ನನ್ನ ಕಿವಿಗೆ ಆ ಕಾಲದ ಅತ್ಯುತ್ತಮ ಸಾಧನೆ ಅದೇ.

ಇಂದು ಫೈಲ್ ಬದಲಿಸುವವರೂ ಇದೇ ಲೆಕ್ಕಕ್ಕೆ ಬರಬೇಕು. ಪ್ರೊಟ್ರ್ಯಾಕರ್‌ನ ರೂಢಿಯ ವೇಗದಲ್ಲಿ 16 ಸಾಲು ಎಂದರೆ 1.92 ಸೆಕೆಂಡ್. ಅಷ್ಟು ಉದ್ದದ ಡ್ರಮ್ ತುಣುಕು ಸಿ.ಡಿ.ಯಲ್ಲಿ 3,38,688 ಬೈಟ್ ತಿನ್ನುತ್ತದೆ. ಎರಡು ಚಾನೆಲ್ ಸೇರಿಸಿ ಮೋನೊ ಮಾಡಿ, ಸೆಕೆಂಡಿಗೆ 16,574 ಮಾದರಿಗಳಿಗೆ ಇಳಿಸಿ, 8 ಬಿಟ್‌ಗೆ ತಂದರೆ ಸುಮಾರು 32,000 ಬೈಟ್. ಕ್ರಮ ತಪ್ಪಬಾರದು. ಮಾದರಿ ದರ ಇಳಿಸುವ ಮುನ್ನ 8,287 ಹರ್ಟ್ಜ್‌ಗಿಂತ ಮೇಲಿನ ಕಂಪನಗಳನ್ನು ಸೋಸಿ ತೆಗೆಯಬೇಕು. ಇಲ್ಲದಿದ್ದರೆ ಅವು ಅಪಸ್ವರವಾಗಿ ಕೆಳಗೆ ಮಡಚಿ ಬರುತ್ತವೆ. 16 ಬಿಟ್‌ನ 65,536 ಮಟ್ಟಗಳು 256ಕ್ಕೆ ಕುಗ್ಗುವುದರಿಂದ, ಧ್ವನಿಯನ್ನು ಮೊದಲೇ ಒಡೆಯದಷ್ಟು ಏರಿಸಿಕೊಳ್ಳಬೇಕು. ಮೆಲುದನಿಯಲ್ಲಿ ಬಿಟ್ಟರೆ ಉಳಿಯುವುದು ಗೊರಗೊರ ಮಾತ್ರ.

ತುಣುಕು ಸಿದ್ಧವಾದ ಮೇಲೆ ರಾಗವನ್ನು ಕಿವಿಯಿಂದ ಕೇಳಿ, ಸಾಲು ಸಾಲಾಗಿ ಬರೆಯಬೇಕು. ಧ್ವನಿಯಿಲ್ಲದೆ ಸ್ವರಗಳ ಬರಹವಷ್ಟೇ ಇರುವ ಮಿಡಿ ಫೈಲ್ ಸಿಕ್ಕರೆ ಸ್ವರಗಳೇನೋ ಬರುತ್ತವೆ, ಆದರೆ ಹತ್ತು ವಾದ್ಯಗಳ ಮೇಳವನ್ನು ನಾಲ್ಕು ಪಟ್ಟಿಗಳಲ್ಲಿ ಕೂರಿಸುವಾಗ ಯಾವುದನ್ನು ಬಿಡಬೇಕೆಂದು ಮನುಷ್ಯನೇ ತೀರ್ಮಾನಿಸಬೇಕು. ಈ ಕಲೆಯ ಜೀವ ಇರುವುದು ಆ ತೀರ್ಮಾನದಲ್ಲಿ.

ಆಸಕ್ತಿ ಇದ್ದವರಿಗೆ ಓಪನ್‌ಎಂಪಿಟಿ ಎಂಬ ಟ್ರ್ಯಾಕರ್ ಉಚಿತವಾಗಿ ಸಿಗುತ್ತದೆ. ಹಳೆಯ ಮಾಡ್ ಫೈಲ್‌ಗಳನ್ನೂ ತೆರೆಯುತ್ತದೆ. ಇಡೀ ಹಾಡನ್ನು ತುರುಕಲು ಹೋಗಬೇಡಿ. ಕೈಗೆಟುಕುವ ಯಾವುದಾದರೂ ವಾದ್ಯದ ಒಂದು ಪೆಟ್ಟನ್ನು ಮುದ್ರಿಸಿಕೊಂಡು, ಅದರಿಂದ 64 ಸಾಲು ತುಂಬಿಸಿ ನೋಡಿ.