ಎಗೇರಿಯಾಳ ಯಾತ್ರಾಪತ್ರ

ಕ್ರಿ. ಶ. 381ರಿಂದ 384ರವರೆಗೆ ಜೆರೂಸಲೇಮನ್ನು ನೆಲೆಯಾಗಿಟ್ಟುಕೊಂಡು ಕ್ರೈಸ್ತ ಪುಣ್ಯಕ್ಷೇತ್ರಗಳನ್ನು ಸಂದರ್ಶಿಸಿದ ಎಗೇರಿಯಾ ಎಂಬ ಮಹಿಳೆ, ಪಶ್ಚಿಮದಲ್ಲಿದ್ದ ತನ್ನ ‘ಸೋದರಿ’ಯರಿಗೆ ಲ್ಯಾಟಿನ್ ಭಾಷೆಯಲ್ಲಿ ಬರೆದ ಪತ್ರದ ಪ್ರತಿಯೊಂದು 1884ರಲ್ಲಿ ಇಟಲಿಯ ಅರೆಟ್ಸೋ ನಗರದಲ್ಲಿ ದೊರೆಯಿತು. ಅದರ ಆದ್ಯಂತಗಳು ನಷ್ಟವಾಗಿವೆ. ತಂಡವು ಎಲ್ಲಿ ನಿಂತರೂ ಕ್ರಮವೊಂದೇ: ಪ್ರಾರ್ಥನೆ, ಆ ಸ್ಥಳಕ್ಕೆ ಸಂಬಂಧಿಸಿದ ಬೈಬಲಿನ ಭಾಗದ ಪಠನ, ಕೀರ್ತನೆ, ಪುನಃ ಪ್ರಾರ್ಥನೆ. ಸಹಪ್ರಯಾಣಿಕರು ‘ಸಭೆ’ಯಾಗುತ್ತಿದ್ದುದು ಈ ಕೂಡಿದ ಓದಿನಿಂದಲೇ.

ಸೀನಾಯಿ ಬೆಟ್ಟವನ್ನು ಗೋಡೆಯನ್ನೇರುವಂತೆ ನೆಟ್ಟಗೆ ಹತ್ತಿ ಬಂದವರಿಗೆ, ಬಂಡೆಯ ನೆಲದಲ್ಲಿ ಶ್ರಮಪಟ್ಟು ಬೆಳೆದ ಹಣ್ಣುಗಳನ್ನು ಅಲ್ಲಿಯ ಸನ್ಯಾಸಿಗಳು ಕೊಟ್ಟರು. ಆ ಕೊಡುಗೆಗೆ ‘ಯೂಲೋಗಿಯಾ’ ಎಂದು ಹೆಸರು. ಪದಶಃ ‘ಆಶೀರ್ವಾದ’ವಾದರೂ ನಮ್ಮ ‘ಪ್ರಸಾದ’ವೇ ಅದಕ್ಕೆ ಸಮೀಪದ ಮಾತು. ಅಪಾಯದ ದಾರಿಯಲ್ಲಿ ಕೋಟೆಯಿಂದ ಕೋಟೆಗೆ ಕಾವಲು ಬಂದ ರೋಮನ್ ಸೈನಿಕರಿಗೆ, ಈಜಿಪ್ಟಿನ ರಾಜಮಾರ್ಗವನ್ನು ಸೇರಿದ ಮೇಲೆ, ವಂದನೆ ಹೇಳಿ ಬೀಳ್ಕೊಟ್ಟುದನ್ನೂ ಆಕೆ ಸೋದರಿಯರಿಗೆ ತಿಳಿಸಿದ್ದಾಳೆ.